ಕಾಫಿ ಗೋದಾಮಿನಲ್ಲೊಂದು ಕಾಕ್‌ಪಿಟ್

ಸಕಲೇಶಪುರದ ಹತ್ತಿರ ಗೆಳೆಯರೊಬ್ಬರ ಕಾಫಿ ಗೋದಾಮಿನ ಮೂಲೆಯಲ್ಲಿ ಎರಡು ವರ್ಷದಿಂದ ರೆಕ್ಕೆಯಿಲ್ಲದ ವಿಮಾನವೊಂದು ಕೂತಿದೆ. ಹಳೆಯ ಕಾರಿನ ಸೀಟು, ಬಲಗೈಗೆ ಸ್ಟಿಕ್, ಕಾಲಿಗೆ ರಡ್ಡರ್ ಪೆಡಲ್, ಎದುರಿಗೆ ಪರದೆ. ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಜವಾದ ಎಲಿವೇಟರ್ (ಬಾಲದಲ್ಲಿದ್ದು ವಿಮಾನದ ಮೂಗನ್ನು ಏರಿಸಿ ಇಳಿಸುವ ಹಲಗೆ), ಅದನ್ನು ಆಡಿಸುವ ನಿಜವಾದ ಮೋಟರ್. ಸ್ಟಿಕ್ಕಿಗೂ ಎಲಿವೇಟರಿಗೂ ನಡುವೆ ಕೇಬಲ್ಲಿಲ್ಲ, ಸರಳಿಲ್ಲ. ಸೆನ್ಸರ್, ಕಂಪ್ಯೂಟರ್, ತಂತಿ, ಅಷ್ಟೇ. ಗೆಳೆಯರು ಮನೆಯಲ್ಲೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ ಸೇರಬೇಕಾದ ಫ್ಲೈ-ಬೈ-ವೈರ್ ವ್ಯವಸ್ಥೆ ಇದು. ಹಾಸನದಿಂದ ವಾರಕ್ಕೊಮ್ಮೆ ಹೋಗಿ ಅದನ್ನು ಬೇಕೆಂದೇ ಕೆಡಿಸಿ ನೋಡುವುದು ನನ್ನ ಕೆಲಸ.

ದೊಡ್ಡವರೂ ಹೀಗೇ ಮಾಡುತ್ತಾರೆ. ತೇಜಸ್ 2001ರ ಜನವರಿ 4ರಂದು ಮೊದಲ ಸಲ ಹಾರುವ ಮುನ್ನ ಅದರ ನಾಲ್ಕು ಚಾನೆಲ್ಲಿನ, ಅಂದರೆ ಒಂದೇ ಕೆಲಸವನ್ನು ನಾಲ್ಕು ಕಡೆ ಒಟ್ಟಿಗೆ ಮಾಡುವ ನಿಯಂತ್ರಣ ವ್ಯವಸ್ಥೆಯನ್ನು ಬೆಂಗಳೂರಿನಲ್ಲಿ ‘ಐರನ್ ಬರ್ಡ್’ ಎಂಬ ಕಬ್ಬಿಣದ ಚೌಕಟ್ಟಿನ ಮೇಲೆ ಪರೀಕ್ಷಿಸಿದ್ದರು.

ನಮ್ಮ ಸ್ಟಿಕ್ಕಿನಲ್ಲಿ ಮೂರು ಹಾಲ್ ಸೆನ್ಸರ್‌ಗಳಿವೆ, ಸ್ಟಿಕ್ ಎಷ್ಟು ವಾಲಿದೆ ಎಂದು ಅಯಸ್ಕಾಂತದ ನೆರವಿನಿಂದ ಅಳೆದು ವೋಲ್ಟಿನಲ್ಲಿ ಹೇಳುವಂಥವು. ಕಂಪ್ಯೂಟರ್ ಮೂರನ್ನೂ ಓದಿ ನಡುವಿನ ಬೆಲೆಯನ್ನು ಹಿಡಿಯುತ್ತದೆ, ಒಂದು ಹುಚ್ಚಾಟ ಆಡಿದರೂ ಉಳಿದೆರಡು ಅದನ್ನು ಬದಿಗೆ ತಳ್ಳುತ್ತವೆ. ಕಾಗದದ ಮೇಲೆ ಭದ್ರ. ಒಂದು ಸಂಜೆ ನಾನು 5 ವೋಲ್ಟ್ ಕೊಡುವ ರೆಗ್ಯುಲೇಟರಿನ ತಂತಿ ಕಿತ್ತೆ. ಎಲಿವೇಟರ್ ಧಡ್ ಅಂತ ಕೆಳಕ್ಕೆ ಹೋಗಿ ಕೂತಿತು, ಪರದೆಯಲ್ಲಿ ವಿಮಾನ ಮೂಗು ಮುಂದಾಗಿ ನೆಲಕ್ಕಿಳಿಯಿತು. ಮೂರೂ ಸೆನ್ಸರ್ ಒಂದೇ ರೆಗ್ಯುಲೇಟರಿನ ಅನ್ನ ಉಣ್ಣುತ್ತಿದ್ದವು, ಮೂರೂ ಒಟ್ಟಿಗೆ ಸೊನ್ನೆ ಹೇಳಿದವು, ಕಂಪ್ಯೂಟರ್ ಅದನ್ನೇ ಒಮ್ಮತವೆಂದು ನಂಬಿತು. ಅಂದು ಯಾರೂ ಮಾತಾಡಲಿಲ್ಲ. ಈಗ ಮೂರಕ್ಕೂ ಬೇರೆ ಬೇರೆ ರೆಗ್ಯುಲೇಟರ್, ಎರಡು ಬ್ಯಾಟರಿ. ಸ್ಟಿಕ್ಕಿನ ಪೂರ್ತಿ ಓಟ 0.5ರಿಂದ 4.5 ವೋಲ್ಟಿನೊಳಗೇ ಇರುತ್ತದೆ. ಸೊನ್ನೆ ಬಂದರೆ ಅದು ಪೈಲಟ್‌ನ ಅಪ್ಪಣೆಯಲ್ಲ, ತಂತಿ ಹೋಗಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ.

ಅದಕ್ಕಿಂತ ಹೆಚ್ಚು ಕಾಡಿದ್ದು ಭಾರದ ವಿಷಯ. ಗಾಳಿಯಿಲ್ಲದ ಗೋದಾಮಿನಲ್ಲಿ ಎಲಿವೇಟರ್ ಹಗುರವಾಗಿ ಆಡುತ್ತದೆ, ಮೋಟರಿಗೆ ಶ್ರಮವೇ ಇಲ್ಲ. ಹಾರುವಾಗ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ: ಗಂಟೆಗೆ 100 ಕಿಲೋಮೀಟರಿನಿಂದ 200ಕ್ಕೆ ಹೋದರೆ, ಅದೇ ಕೋನಕ್ಕೆ ನಾಲ್ಕು ಪಟ್ಟು. ಮೊದಲು ಮರಳಿನ ಚೀಲ ನೇತುಹಾಕಿದೆವು. ಅದು ತಪ್ಪು, ಚೀಲದ ಭಾರ ಕೋನ ಹೆಚ್ಚಿದಂತೆ ಹೆಚ್ಚುವುದಿಲ್ಲ. ಆಮೇಲೆ ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ಕಡೆ ಬಿಗಿದೆವು, ತಿರುಗಿಸಿದಷ್ಟೂ ಎಳೆಯುತ್ತದೆ. ಆಗ ಮೋಟರಿನ ನಿಜ ಬಣ್ಣ ಕಂಡಿತು. ಅದರ ವೇಗ ಅರ್ಧಕ್ಕಿಳಿದಿತ್ತು.

ಅವತ್ತೇ ಗೆಳೆಯರು, ಅನುಭವಿ ಪೈಲಟ್, ಪರದೆಯ ರನ್‌ವೇಗೆ ಇಳಿಸಲು ಕೂತರು. ನೆಲ ಹತ್ತಿರವಾದಾಗ ಮೂಗೆತ್ತಿದರು. ಎಲಿವೇಟರ್ ತಡವಾಗಿ ಬಂತು. ಇನ್ನಷ್ಟು ಎಳೆದರು. ಹಿಂದಿನ ಎಳೆತವೂ ಸೇರಿಕೊಂಡು ಮೂಗು ಮಿತಿಮೀರಿ ಎದ್ದಿತು, ತಳ್ಳಿದರು, ಅದೂ ತಡ. ನಾಲ್ಕನೇ ತೂಗಾಟಕ್ಕೆ ಪರದೆಯ ವಿಮಾನ ಚೂರು. ಸ್ವೀಡನ್ನಿನ ಗ್ರಿಪೆನ್ ಯುದ್ಧವಿಮಾನದ ಮೊದಲ ಮಾದರಿ 1989ರ ಫೆಬ್ರವರಿಯಲ್ಲಿ ಇಳಿಯುವಾಗ ಬಿದ್ದದ್ದೂ ಪೈಲಟ್‌ನ ಕೈ ಮತ್ತು ಕಂಪ್ಯೂಟರ್ ಹೀಗೆ ತಾಳ ತಪ್ಪಿದ್ದರಿಂದ. ಅಮೆರಿಕದ ಹಳೆಯ ಸೇನಾ ಮಾನದಂಡದಲ್ಲಿ ಉತ್ತಮ ನಿಯಂತ್ರಣಕ್ಕೆ ಹಾಕಿರುವ ಮಿತಿ 0.1 ಸೆಕೆಂಡ್, ಅಂದರೆ ಕೈ ಆಡಿದ ಮೇಲೆ ವಿಮಾನ ಸ್ಪಂದಿಸುವುದಕ್ಕೆ ಅದಕ್ಕಿಂತ ಹೆಚ್ಚು ತಡ ಸೇರಬಾರದು. ಕಂಪ್ಯೂಟರ್ ಲೆಕ್ಕಕ್ಕೆ, ತಂತಿಯ ಸಂದೇಶಕ್ಕೆ, ಮೋಟರಿಗೆ ಎಲ್ಲಕ್ಕೂ ಹಂಚಿಕೊಳ್ಳಬೇಕಾದದ್ದು ಅಷ್ಟರಲ್ಲೇ. ಆ ಮೋಟರ್ ಬಿಚ್ಚಿ ದೊಡ್ಡದನ್ನು ಹಾಕಿದೆವು. ತೂಕ ಹೆಚ್ಚಾಯಿತು, ಗೆಳೆಯರಿಗೆ ಬೇಸರ. ನನಗಿಲ್ಲ.

ಸೀಟು ಕುಳಿತಲ್ಲೇ ಇರುವುದರಿಂದ ಮೈಗೆ ಎಳೆತ, ಕುಲುಕಾಟ ತಿಳಿಯದು. ಹಾಗಾಗಿ ಸ್ಟಿಕ್ ಎಷ್ಟು ಚುರುಕಾಗಿರಬೇಕು ಎಂಬುದನ್ನು ಇಲ್ಲಿ ಕೊನೆಯದಾಗಿ ತೀರ್ಮಾನಿಸಲು ನಾನು ಒಪ್ಪುವುದಿಲ್ಲ.

ಈಗ ಜುಲೈ, ಘಟ್ಟದ ಮಳೆ. ಗೋದಾಮಿನ ಗೋಡೆಯೇ ಬೆವರುತ್ತಿದೆ. ತಂತಿ ಕೂಡುವ ಕನೆಕ್ಟರುಗಳ ಮೇಲಿನ ಮುಚ್ಚಳ ಬೇಕೆಂದೇ ತೆಗೆದಿಟ್ಟಿದ್ದೇವೆ, ಪಿನ್ನುಗಳಿಗೆ ಪಾಚಿಹಸಿರು ಕಿಲುಬು ಹತ್ತುವ ತನಕ ದಿನವೂ ಒಂದು ಗಂಟೆ ಸ್ಟಿಕ್ ಆಡಿಸಿ, ಮೂರೂ ಸೆನ್ಸರಿನ ಬೆಲೆಯನ್ನು ಪುಸ್ತಕದಲ್ಲಿ ಬರೆಯುತ್ತಿದ್ದೇವೆ. ನಿನ್ನೆ ಎರಡನೆಯದು 0.04 ವೋಲ್ಟ್ ಸರಿದಿತ್ತು.