ಸೊಂಟಕ್ಕೆ ಸೆನ್ಸರ್ ಕಟ್ಟುವ ಮುನ್ನ

ಪಾರ್ಕಿನ್ಸನ್ಸ್ (ಚಲನೆ ನಿಧಾನವಾಗುವ, ಮೈ ನಡುಗುವ ನರರೋಗ) ಇರುವವರ ನಡಿಗೆ ವೈದ್ಯರ ಎದುರು ಎಷ್ಟೋ ಸಲ ಸುಧಾರಿಸಿಬಿಡುತ್ತದೆ. ಸಕಲೇಶಪುರದ ಹಳೆಯ ಹೆಂಚಿನ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲ ಮುಂದೆ ಕಾಲು ನೆಲಕ್ಕೆ ಅಂಟಿ ನಿಂತವರು, ಹಾಸನದ ಆಸ್ಪತ್ರೆಯ ಅಗಲ ಕಾರಿಡಾರಿನಲ್ಲಿ ಸರಾಗವಾಗಿ ನಡೆದು ತೋರಿಸುತ್ತಾರೆ. ನಡಿಗೆ ಅಳೆಯಲು ಮೈಗೆ ಕಟ್ಟುವ ಸೆನ್ಸರ್ ಬೇಕಾಗುವುದು ಇಂಥ ಕಡೆಗೇ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಒಳಗೆ ವೇಗೋತ್ಕರ್ಷ ಅಳೆಯುವ ಆಕ್ಸೆಲೆರೋಮೀಟರ್, ತಿರುಗುವಿಕೆ ಅಳೆಯುವ ಗೈರೋಸ್ಕೋಪ್. ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ದಾಖಲಿಸಿಕೊಳ್ಳುತ್ತದೆ.

ಕಟ್ಟುವ ಜಾಗ ಕೆಳಬೆನ್ನಿನ ಮಧ್ಯ, ಇಲ್ಲವೇ ಎರಡೂ ಪಾದ. ಸೀರೆ, ಪಂಚೆಯ ಮೇಲೆ ಕಟ್ಟಬೇಡಿ. ಬಟ್ಟೆ ಜಾರಿದಂತೆ ಡಬ್ಬಿಯೂ ಜಾರುತ್ತದೆ, ಆ ಅಲುಗಾಟವೂ ಲೆಕ್ಕಕ್ಕೆ ಸೇರುತ್ತದೆ. ಎಲಾಸ್ಟಿಕ್ ಪಟ್ಟಿ ಮೈಗೇ ತಾಗಲಿ. ಬೆನ್ನಿನ ಸೆನ್ಸರ್ ಹೆಜ್ಜೆಯ ಉದ್ದವನ್ನು ನೇರವಾಗಿ ಅಳೆಯುವುದಿಲ್ಲ. ಸೊಂಟ ಮೇಲೆ ಕೆಳಗೆ ಆಡುವುದನ್ನೂ ಕಾಲಿನ ಉದ್ದವನ್ನೂ ಸೇರಿಸಿ ಅಂದಾಜು ಕಟ್ಟುತ್ತದೆ. ಹಾಗಾಗಿ ಕಾಲಿನ ಉದ್ದವನ್ನು ಟೇಪಿನಿಂದ ಅಳೆದೇ ತುಂಬಬೇಕು. ಕಾಫಿ ತೋಟದ ಇಳಿಜಾರಿನಲ್ಲಿ ಈ ಅಂದಾಜನ್ನು ನಂಬುವಂತಿಲ್ಲ.

ಪಾದದ ಸೆನ್ಸರ್‌ನ ಕಷ್ಟ ಬೇರೆ. ಲೆಕ್ಕದಲ್ಲಿ ಸಣ್ಣ ತಪ್ಪುಗಳು ಕ್ಷಣಕ್ಷಣಕ್ಕೂ ಕೂಡುತ್ತಾ ಹೋಗುತ್ತವೆ. ಪಾದ ನೆಲದ ಮೇಲೆ ನಿಶ್ಚಲವಾದಾಗಲೆಲ್ಲ ವೇಗ ಸೊನ್ನೆ ಎಂದು ಹಿಡಿದು ಅವನ್ನು ಅಳಿಸಲಾಗುತ್ತದೆ. ಕಾಲೆಳೆದು ನಡೆಯುವವರ ಪಾದ ಪೂರ್ತಿ ನಿಶ್ಚಲವಾಗುವ ಹೊತ್ತು ಕಡಿಮೆ, ಆದ್ದರಿಂದ ಆ ಸೊನ್ನೆ ಸರಿಯಾಗಿ ಸಿಗುವುದಿಲ್ಲ. ಪಾರ್ಶ್ವವಾಯುವಿನ ನಂತರ ಹಿಮ್ಮಡಿ ಊರದೆ ಬೆರಳ ತುದಿ ಮೊದಲು ತಾಗುವವರಲ್ಲಿ, ಹಿಮ್ಮಡಿಯ ಬಡಿತ ಹುಡುಕುವ ತಂತ್ರಾಂಶ ಹೆಜ್ಜೆಗಳನ್ನೇ ಬಿಟ್ಟುಬಿಡುತ್ತದೆ. ವಾಕರ್ ಹಿಡಿದವರಿಗೆ ಕೈಗಡಿಯಾರದ ಹೆಜ್ಜೆಯೆಣಿಕೆಯಂತೂ ಬೇಡವೇ ಬೇಡ, ಕೈ ಬೀಸುವುದೇ ಇಲ್ಲವಲ್ಲ.

ನಡಿಗೆಯ ವೇಗದ ಪರೀಕ್ಷೆಗೆ 14 ಮೀಟರ್ ಜಾಗ ಬೇಕು. ಮೊದಲ ಮತ್ತು ಕೊನೆಯ 2 ಮೀಟರ್ ಬಿಟ್ಟು ನಡುವಿನ 10 ಮೀಟರನ್ನು ಲೆಕ್ಕ ಹಿಡಿಯಿರಿ. ಅದಕ್ಕೆ 12.5 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.8 ಮೀಟರ್. ಪಾರ್ಶ್ವವಾಯು ಆದವರು ಪೇಟೆ, ಸಂತೆ ಎಂದು ಹೊರಗೆ ಓಡಾಡಬಲ್ಲರೇ ಎಂದು ನೋಡಲು ಸಾಮಾನ್ಯವಾಗಿ ಬಳಸುವ ಗಡಿ ಇದು. 25 ಸೆಕೆಂಡ್ ದಾಟಿದರೆ, ಅಂದರೆ 0.4ಕ್ಕಿಂತ ಕಡಿಮೆಯಾದರೆ, ನಡಿಗೆ ಹೆಚ್ಚುಕಡಿಮೆ ಮನೆಯೊಳಗಿನದೇ. ಗುರುತಿನ ಟೇಪನ್ನು ನೆಲಕ್ಕೆ ಅಡ್ಡಲಾಗಿ ಅಂಟಿಸದೆ ಗೋಡೆಗೆ ಅಂಟಿಸಿ. ಅಡ್ಡಗೆರೆ ಕಂಡರೆ ಪಾರ್ಕಿನ್ಸನ್ಸ್ ಇರುವವರ ಹೆಜ್ಜೆ ದೊಡ್ಡದಾಗುತ್ತದೆ. ಚಿಕಿತ್ಸೆಗೆ ಅದು ವರ, ಅಳತೆಗೆ ಶಾಪ. ಬಾಗಿಲು ದಾಟುವುದನ್ನೂ ನಿಂತಲ್ಲೇ ಪೂರ್ಣ ಸುತ್ತು ತಿರುಗುವುದನ್ನೂ ಸೇರಿಸಿ, ಕಾಲು ಅಂಟುವುದು ಹೆಚ್ಚಾಗಿ ಅಲ್ಲಿಯೇ. ಆಗ ಕಾಲಿನ ನಡುಕ ಸೆಕೆಂಡಿಗೆ 3ರಿಂದ 8 ಸಲ ಇರುತ್ತದೆ, ಮಾಮೂಲಿ ನಡಿಗೆಯ ಲಯ 3ಕ್ಕಿಂತ ಕೆಳಗೆ. ಈ ಎರಡು ಲಯಗಳ ಬಲದ ಅನುಪಾತದಿಂದ ತಂತ್ರಾಂಶ ಕಾಲು ಅಂಟಿದ್ದನ್ನು ಗುರುತಿಸುತ್ತದೆ.

ಪಾರ್ಕಿನ್ಸನ್ಸ್‌ಗೆ ಕೊಡುವ ಲೆವೊಡೋಪಾ ಗುಳಿಗೆ ನುಂಗಿದ ಹೊತ್ತನ್ನು ಬರೆಯದ ದಾಖಲೆಯನ್ನು ಹೋಲಿಕೆಗೆ ಬಳಸಲೇಬೇಡಿ. ಗುಳಿಗೆ ಹತ್ತುವ ಮೊದಲಿನ ನಡಿಗೆಗೂ ಹತ್ತಿದ ಮೇಲಿನದಕ್ಕೂ ಅಷ್ಟು ಅಂತರವಿರುತ್ತದೆ.

ಮನೆಯಲ್ಲಿ ಒಂದು ವಾರ ಕಟ್ಟಿಸುವುದಾದರೆ ಜೊತೆಗೊಂದು ಚೀಟಿ ಕೊಡಿ: ಗುಳಿಗೆಯ ಹೊತ್ತು, ಸೆನ್ಸರ್ ಬಿಚ್ಚಿದ ಹೊತ್ತು, ಜೀಪು ಅಥವಾ ಬಸ್ಸಿನ ಪ್ರಯಾಣ, ಮಳೆ. ರಸ್ತೆಯ ಕುಲುಕಾಟ ಹೆಜ್ಜೆಯಾಗಿ ಎಣಿಕೆಗೆ ಬರಬಹುದು. ಮೂಡಿಗೆರೆ ಕಡೆಯವರ ಜುಲೈ ತಿಂಗಳ ಹೆಜ್ಜೆಯೆಣಿಕೆಯನ್ನು ಜನವರಿಯದರ ಜೊತೆ ಇಟ್ಟು ರೋಗ ಉಲ್ಬಣಿಸಿತು ಎನ್ನುವ ಮೊದಲು ಆ ಚೀಟಿಯ ಮಳೆಯ ಸಾಲನ್ನು ಓದಿ.