ಗ್ರೊಟೆಸ್ಕ್ ಅಂದರೆ ಬರೀ ಕುರೂಪ ಅಲ್ಲ

ಅನುವಾದ ತಿದ್ದುವ ಕೆಲಸದಲ್ಲಿ ನಾನು ಜಾಸ್ತಿ ಸಲ ಹೊಡೆದುಹಾಕಿದ ಮಾತು ‘ಅತಿ ಕುರೂಪ’. ಇಂಗ್ಲಿಷಿನಲ್ಲಿ ಗ್ರೊಟೆಸ್ಕ್ ಅಂತ ಕಂಡರೆ ಸಾಕು, ನಮ್ಮ ಹುಡುಗರು ಇದನ್ನೇ ಬರೆಯುತ್ತಾರೆ. ಅಗ್ಲಿ ಅಂದರೆ ಕುರೂಪ, ಗ್ರೊಟೆಸ್ಕ್ ಅಂದರೆ ಇನ್ನೂ ಕುರೂಪ ಅನ್ನುವ ಲೆಕ್ಕ. ಲೆಕ್ಕವೇ ತಪ್ಪು.

ಈ ಪದ ಹುಟ್ಟಿದ್ದು ರೋಮಿನ ನೆಲದಡಿ. ಕ್ರಿ.ಶ. 64ರ ಬೆಂಕಿಯ ನಂತರ ನೀರೋ ಚಕ್ರವರ್ತಿ ಭಾರಿ ಅರಮನೆ ಕಟ್ಟಿಸಿದ. ಅವನು ಸತ್ತ ಮೇಲೆ ಅದಕ್ಕೆ ಮಣ್ಣು ತುಂಬಿ, ಮೇಲೆ ಬೇರೆ ಕಟ್ಟಡ ಎಬ್ಬಿಸಿದರು. 15ನೇ ಶತಮಾನದ ಕೊನೆಯಲ್ಲಿ ಅದು ಮತ್ತೆ ಸಿಕ್ಕಿತು. ಕಲಾವಿದರು ಒಳಗಿಳಿದು ದೀಪದ ಬೆಳಕಲ್ಲಿ ಗೋಡೆ ನೋಡಿದರು. ಅರ್ಧ ಮನುಷ್ಯ ಅರ್ಧ ಬಳ್ಳಿ, ಅರ್ಧ ಪ್ರಾಣಿ ಅರ್ಧ ಎಲೆ! ಇಟಾಲಿಯನ್ನಿನಲ್ಲಿ ಗ್ರೊಟ್ಟಾ ಅಂದರೆ ಗುಹೆ. ಗುಹೆಯಂತಿದ್ದ ಆ ಜಾಗದಲ್ಲಿ ಸಿಕ್ಕ ಈ ಶೈಲಿ ಗ್ರೊಟೆಸ್ಕಾ ಆಯಿತು. ಚಿತ್ರಕಾರ ರಾಫೆಲ್ ಮತ್ತು ಅವನ ಶಿಷ್ಯರು ಇದನ್ನೇ ವ್ಯಾಟಿಕನ್ ಅರಮನೆಯ ಮೊಗಸಾಲೆಯಲ್ಲಿ ಬಿಡಿಸಿದರು. ಅದು ಅಲಂಕಾರ. ಅಸಹ್ಯ ಹುಟ್ಟಿಸಲು ಬರೆದದ್ದಲ್ಲ.

ಅಂದರೆ ಪದದ ಜೀವ ಇರುವುದು ಬೆರಕೆಯಲ್ಲಿ. ಒಂದಕ್ಕೊಂದು ಸೇರದ ಎರಡು ರೂಪ ಒಂದೇ ಮೈಯಲ್ಲಿ ಕೂಡಿರಬೇಕು. ನೋಡಿದವರಿಗೆ ಹೆದರಿಕೆಯೂ ಆಗಬಹುದು, ನಗುವೂ ಬರಬಹುದು. ಬರೆಯುವ ಮೊದಲು ಇದೊಂದನ್ನು ಕೇಳಿಕೊಳ್ಳಿ: ಇಲ್ಲಿ ಯಾವುದು ಯಾವುದರ ಜೊತೆ ಬೆರೆತಿದೆ?

ಒಮ್ಮೆ ಹಳೇಬೀಡಿನ ಬಗ್ಗೆ ಒಂದು ಲೇಖನ ಬಂತು. ಅದರಲ್ಲಿ ಗುಡಿಯ ಗೋಡೆಯಲ್ಲಿ ಕೆತ್ತಿದ ಮಕರ ‘ಅತಿ ಕುರೂಪದ ಪ್ರಾಣಿ’ ಆಗಿತ್ತು. ಅನುವಾದಿಸಿದ ಹುಡುಗಿ ಹಾಸನದ ಕಡೆಯವಳು. ಫೋನ್ ಮಾಡಿದೆ.

‘ಮಕರ ನೋಡಿದ್ದೀಯೇನಮ್ಮ?’

‘ಚಿಕ್ಕಂದಿನಿಂದ ನೋಡ್ತಿದ್ದೀನಿ ಸಾರ್. ಎಷ್ಟು ಚೆನ್ನಾಗಿದೆ ಅಲ್ವಾ?’

‘ಮತ್ತೆ ಕುರೂಪ ಅಂತ ಯಾಕೆ ಬರೆದೆ?’

‘ಡಿಕ್ಷನರಿಯಲ್ಲಿ ಹಾಗೇ ಇತ್ತು.’

ಅವಳ ಮೇಲೆ ಸಿಟ್ಟು ಬರಲಿಲ್ಲ. ಕಣ್ಣಿಗಿಂತ ನಿಘಂಟನ್ನು ನಂಬು ಅಂತ ಕಲಿಸಿದವರು ನಾವೇ.

ನಿಜವಾಗಿ ಕುರೂಪದ ತುದಿ ಮುಟ್ಟುವ ಪದ ಹಿಡಿಯಸ್. ಅದು ಹಳೆಯ ಫ್ರೆಂಚಿನ ‘ಭಯ’ದಿಂದ ಬಂದದ್ದು. ‘ಘೋರ’, ‘ಭೀಕರ’ ಅಲ್ಲಿಗೆ ಸರಿ. ಅಗ್ಲಿ ಪದದ ಬೇರು ಇರುವುದು ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆ ನಾರ್ಸ್‌ನಲ್ಲಿ; ಅಲ್ಲೂ ಹೆದರಿಕೆಯೇ ಇದೆ. ಗ್ರೊಟೆಸ್ಕ್‌ಗೆ ನಾನು ಹೆಚ್ಚಾಗಿ ‘ವಿಕಾರ’ ಅಥವಾ ‘ವಿಲಕ್ಷಣ’ ಬಳಸುತ್ತೇನೆ. ಆದರೆ ಇದನ್ನೇ ನಿಯಮ ಮಾಡಿಕೊಳ್ಳಬೇಡಿ. ಇಂದಿನ ಇಂಗ್ಲಿಷ್ ಪತ್ರಿಕೆಗಳು ವಿಪರೀತದ ಅನ್ಯಾಯಕ್ಕೂ ಇದೇ ಪದ ಹಾಕುತ್ತವೆ. ಅಲ್ಲಿ ಬೆರಕೆ ಹುಡುಕಿದರೆ ಸಿಗುವುದಿಲ್ಲ. ಸುತ್ತಲಿನ ವಾಕ್ಯ ಓದಲೇಬೇಕು.

ಮರುದಿನ ಆ ಹುಡುಗಿ ತಿದ್ದಿ ಕಳಿಸಿದಳು: ‘ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ ಕೂಡಿದ ವಿಲಕ್ಷಣ ಮಕರ.’ ಒಂದಕ್ಷರವನ್ನೂ ಮುಟ್ಟದೆ ಅಚ್ಚಿಗೆ ಕಳಿಸಿದೆ.