ಬೆಳಿಗ್ಗೆ ಆರೂವರೆಗೇ ಮರ ಕಡಿಯುವ ಮಿಷನ್ ಶುರು ಮಾಡಬಹುದಾ?

ಓದುಗರ ಪ್ರಶ್ನೆ: ನಾವು ಬೆಂಗಳೂರಿನ ಒಂದು ಬಡಾವಣೆಯಲ್ಲಿದ್ದೇವೆ. ಪಕ್ಕದ ಸೈಟಿನವರು ಕಂಟ್ರಾಕ್ಟ್ ಕೊಟ್ಟು ಮರದ ಕೊಂಬೆ ಕಡಿಸುತ್ತಿದ್ದಾರೆ, ಬೇಲಿ ಗಿಡ ಸವರಿಸುತ್ತಿದ್ದಾರೆ. ಮೂರು ದಿನದಿಂದ ಬೆಳಿಗ್ಗೆ ಆರೂವರೆಗೇ ಮಿಷನ್ ಸದ್ದು. ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಇಂಥ ಕೆಲಸಕ್ಕೆ ಹೊತ್ತುಗೊತ್ತು ಅಂತ ಏನೂ ಇಲ್ವಾ?

ಉತ್ತರ: ಇದೆ. ಆದರೆ ಬರೀ ಗಡಿಯಾರ ತೋರಿಸಿ ನೀವು ಗೆಲ್ಲಲಾರಿರಿ. ಇಡೀ ದೇಶಕ್ಕೆ ಅನ್ವಯವಾಗುವ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ಅವುಗಳ ಲೆಕ್ಕದಲ್ಲಿ ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಹಾಗಾಗಿ ಆರೂವರೆ ಹಗಲೇ. ಮರ ಕಡಿಯುವ ಕೆಲಸಕ್ಕೇ ಬೇರೆ ಗಂಟೆಗಳನ್ನು ಆ ನಿಯಮಗಳು ಹೇಳುವುದಿಲ್ಲ.

ಸದ್ದು ಎಷ್ಟಿರಬೇಕು ಅನ್ನುವುದನ್ನು ಮಾತ್ರ ಹೇಳುತ್ತವೆ. ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನಿಶ್ಶಬ್ದ ವಲಯ ಎಂದು ಸರ್ಕಾರ ಘೋಷಿಸಿದ್ದರೆ ಅಲ್ಲಿ 50 ಮತ್ತು 40. ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಯಾರು ಬೇಕಾದರೂ ದೂರು ಕೊಡಬಹುದು. ಅಂದರೆ ನಿಮ್ಮ ಬೀದಿಯಲ್ಲಿ ಹಗಲು 65 ದಾಟಿದರೆ ದೂರಿಗೆ ಜಾಗ ಇದೆ.

ಈಗ ಮಿಷನ್ ಕಡೆ ಬನ್ನಿ. ಪೆಟ್ರೋಲ್ ಪವರ್ ಸಾ, ಅಂದರೆ ಮರ ಕೊಯ್ಯುವ ಮಿಷನ್ ಗರಗಸ, ಹಿಡಿದವನ ಕಿವಿಯ ಹತ್ತಿರ ಸುಮಾರು 105 ಡೆಸಿಬೆಲ್ ಇರುತ್ತದೆ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 105 ಇದ್ದರೆ ಹದಿನಾರು ಮೀಟರ್ ಆಚೆ ಇನ್ನೂ 80ರ ಮೇಲೆಯೇ. ನಿಮ್ಮ ಮಗು ಮಲಗಿರುವ ಕೋಣೆ ಅಷ್ಟು ದೂರವೂ ಇರಲಿಕ್ಕಿಲ್ಲ, ಅಲ್ವಾ? ಆದರೆ ಒಂದು ವಿಷಯ ತಿಳಿದಿರಲಿ. ನಿಯಮದ ಮಿತಿ ಒಂದು ಕ್ಷಣದ ಸದ್ದಿಗಲ್ಲ, ಹೊತ್ತಿನ ಸರಾಸರಿಗೆ. ಐದು ನಿಮಿಷ ಕೂಗಿ ನಿಂತ ಮಿಷನ್ ಮೇಲಿನ ದೂರು ನಿಲ್ಲುವುದು ಕಷ್ಟ. ಗಂಟೆಗಟ್ಟಲೆ, ದಿನಗಟ್ಟಲೆ ನಡೆದರೆ ಮಾತು ಬೇರೆ. ಫೋನಿನ ಆ್ಯಪ್‌ನಲ್ಲಿ ಅಳೆದದ್ದು ಪಕ್ಕಾ ಸಾಕ್ಷಿಯಲ್ಲ. ಆದರೂ ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು ಬರೆದಿಡಿ. ಮಾತಿಗೆ ಕೂತಾಗ ಅದು ಬಹಳ ಸಹಾಯಕ್ಕೆ ಬರುತ್ತದೆ.

ಜರ್ಮನಿಯಲ್ಲಿರುವ ಕನ್ನಡದವರನ್ನು ಕೇಳಿ ನೋಡಿ. ಅಲ್ಲಿ ಇದಕ್ಕೆ 2002ರಿಂದ ಸ್ಪಷ್ಟ ಕಾನೂನಿದೆ. ಮನೆಗಳಿರುವ ಜಾಗದಲ್ಲಿ ಬೇಲಿ ಕತ್ತರಿಸುವ ಮಿಷನ್ ಆಗಲಿ ಪವರ್ ಸಾ ಆಗಲಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಓಡಿಸುವಂತಿಲ್ಲ. ಉಳಿದ ದಿನ ರಾತ್ರಿ 8ರಿಂದ ಬೆಳಿಗ್ಗೆ 7ರವರೆಗೆ ಬಂದ್. ಎಲೆ ಊದುವ ಬ್ಲೋವರ್ ಇನ್ನೂ ಕಿರಿಕಿರಿ. ಅದಕ್ಕೆ ಸಾಮಾನ್ಯವಾಗಿ ಬೆಳಿಗ್ಗೆ 9ರಿಂದ 1, ಮಧ್ಯಾಹ್ನ 3ರಿಂದ 5 ಮಾತ್ರ. ಊಟದ ನಂತರದ ಎರಡು ಗಂಟೆ ಬಿಟ್ಟಿದ್ದಾರೆ ನೋಡಿ. ನನಗೆ ಬಹಳ ಇಷ್ಟವಾದದ್ದು ಅದೇ. ಮಕ್ಕಳು, ವಯಸ್ಸಾದವರು ಮಲಗುವ ಹೊತ್ತು ಅದು.

ನಮ್ಮಲ್ಲಿ ಆ ಕಾನೂನು ಇಲ್ಲದಿದ್ದರೂ ಆ ಕ್ರಮ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ನನ್ನನ್ನು ಕೇಳಿದರೆ ಮಿಷನ್ 9ರಿಂದ 1, ಮತ್ತೆ 3ರಿಂದ ಐದೂವರೆ. ಭಾನುವಾರ ಬೇಡವೇ ಬೇಡ. ಪರೀಕ್ಷೆ ಸಮಯದಲ್ಲಿ ಬೀದಿಯವರನ್ನು ಒಂದು ಮಾತು ಕೇಳಿ ದಿನ ಗೊತ್ತು ಮಾಡಬೇಕು. ಅಪಾರ್ಟ್‌ಮೆಂಟ್ ಆದರೆ ಡ್ರಿಲ್ಲಿಂಗ್‌ಗೆ ಅಸೋಸಿಯೇಷನ್ ಇಟ್ಟಿರುವ ಸಮಯವನ್ನೇ ಇದಕ್ಕೂ ಕೇಳಿ.

ಕೆಲಸದವರ ಕಷ್ಟವೂ ಇದೆ. ನಮ್ಮ ಮನೆ ಮುಂದಿನ ಮರ ಸವರಿಸಿದಾಗ ಬಂದಿದ್ದ ಮೇಸ್ತ್ರಿ ಏಳಕ್ಕೇ ಹಾಜರಿದ್ದರು. ಹನ್ನೊಂದರ ಮೇಲೆ ಬಿಸಿಲಿಗೆ ಮರದ ಮೇಲೆ ನಿಲ್ಲೋಕಾಗಲ್ಲ ಅಂದರು. ಕಾರುಗಳು ಬಂದು ನಿಲ್ಲುವ ಮೊದಲು ಕೊಂಬೆ ಇಳಿಸಬೇಕು. ತಂತಿ ಹತ್ತಿರ ಇದ್ದರೆ ಕರೆಂಟ್ ತೆಗೆಸಿದ ಹೊತ್ತಿನಲ್ಲೇ ಮುಗಿಸಬೇಕು. ನಾವು ಒಂದು ದಾರಿ ಕಂಡುಕೊಂಡೆವು. ಏಳರಿಂದ ಒಂಬತ್ತರವರೆಗೆ ಸದ್ದಿಲ್ಲದ ಕೆಲಸ: ಮರ ಹತ್ತುವುದು, ಹಗ್ಗ ಕಟ್ಟುವುದು, ಸಣ್ಣ ರೆಂಬೆಗಳನ್ನು ಮಚ್ಚು, ಕೈಗರಗಸದಲ್ಲಿ ತೆಗೆಯುವುದು, ಗೂಡು ಇದೆಯಾ ಅಂತ ನೋಡುವುದು. ಒಂಬತ್ತಕ್ಕೆ ಮಿಷನ್. ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಬೇಲಿ ಗಿಡಕ್ಕಂತೂ ಪೆಟ್ರೋಲ್ ಮಿಷನ್ ಬೇಕಾಗಿಯೇ ಇಲ್ಲ. ಉದ್ದ ಹಿಡಿಯ ಕತ್ತರಿ ಸಾಕು, ಇಲ್ಲವೇ ಬ್ಯಾಟರಿ ಮಿಷನ್.

ನೀವೂ ನಾಳೆ ಇದನ್ನೇ ಕೇಳಿ. ಮೊದಲು ಪಕ್ಕದ ಮನೆಯವರ ಹತ್ತಿರ ಹೋಗಿ, ಮೇಸ್ತ್ರಿ ಮೇಲೆ ರೇಗಬೇಡಿ. ಕೆಲಸ ಕೊಟ್ಟವರು ಹೇಳಿದ ಹೊತ್ತಿಗೆ ಮೇಸ್ತ್ರಿ ಬಂದಿರುತ್ತಾರೆ. ಮಗುವಿನ ವಿಷಯ ಹೇಳಿ, ಒಂಬತ್ತಕ್ಕೆ ಶುರು ಮಾಡಿ ಅನ್ನಿ. ಒಪ್ಪದಿದ್ದರೆ, ಬರೆದಿಟ್ಟ ಹೊತ್ತುಗಳ ಜೊತೆ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ.

ರಾತ್ರಿ 10ರಿಂದ ಬೆಳಿಗ್ಗೆ 6ರ ಒಳಗೆ ಪವರ್ ಸಾ ಕೇಳಿಸಿದರೆ ಮಾತ್ರ ಕಾಯಬೇಡಿ, 112ಕ್ಕೆ ಫೋನ್ ಮಾಡಿ. ಸದ್ದಿನ ವಿಷಯ ಒಂದೇ ಅಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ನಗರದಲ್ಲಿ ಮರ ಕಡಿಯಲು ಟ್ರೀ ಆಫೀಸರ್ (ಇದಕ್ಕೆಂದೇ ನೇಮಿಸಿದ ಅರಣ್ಯಾಧಿಕಾರಿ) ಅನುಮತಿ ಬೇಕು, ಮರ ನಿಮ್ಮದೇ ಜಾಗದಲ್ಲಿದ್ದರೂ ಸರಿ. ತೆಂಗು, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಕತ್ತಲಲ್ಲಿ ಕಡಿಯುವವರ ಕೈಯಲ್ಲಿ ಎಷ್ಟೋ ಸಲ ಆ ಕಾಗದ ಇರುವುದಿಲ್ಲ. ಕೇಳುವ ಹಕ್ಕು ನಿಮಗಿದೆ, ಕೇಳಿ.

ಏಪ್ರಿಲ್, ಮೇ ಮಳೆಗೆ ಗುಲ್‌ಮೊಹರ್ ಬುಡಸಮೇತ ರಸ್ತೆಗೆ ಬಿದ್ದಿದೆ, ತಂತಿ ಹರಿದಿದೆ, ಕೆಳಗೆ ಆಟೋ ಸಿಕ್ಕಿಕೊಂಡಿದೆ ಅಂದುಕೊಳ್ಳಿ. ಆಗ ಪಾಲಿಕೆಯವರು ರಾತ್ರಿ ಎರಡಕ್ಕೂ ಗರಗಸ ಹಿಡಿದು ಬರುತ್ತಾರೆ. ಬರಲೇಬೇಕು. ಅವರಿಗೆ ಈ ಗಂಟೆಗಳ ಲೆಕ್ಕ ಹೇಳಬೇಡಿ, ಕುಡಿಯಲು ನೀರು ಕೊಡಿ.